ಮೀನಿನ ಲೆಕ್ಕ ಬರೆಯುತ್ತಾ ಪೈಥಾನ್ ಕಲಿಯೋಣ: ಮೊದಲ ಸಾಲಿನಿಂದ ಮೊದಲ ಪ್ರೋಗ್ರಾಂವರೆಗೆ

ಪೈಥಾನ್ ಕಲಿಯಲು ಹೊರಟವರು ಮೊದಲ ವಾರದಲ್ಲೇ ಕೈಬಿಡುವುದಕ್ಕೆ ಗಣಿತ ಕಾರಣವಲ್ಲ. ಪರದೆ ಮೇಲಿನ ಪದಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತವೆ. ಅದರಲ್ಲಿ ಯಾವುದು ಪೈಥಾನಿನ ಸ್ವಂತ ಪದ, ಯಾವುದು ಪ್ರೋಗ್ರಾಂ ಬರೆದವರು ತಮ್ಮ ಅನುಕೂಲಕ್ಕೆ ಇಟ್ಟ ಹೆಸರು ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ. ಪ್ರಿಂಟ್ ಅನ್ನುವುದು ಪೈಥಾನಿನದು. ಪ್ರೈಸ್ ಅಂತ ಇದ್ದರೆ ಅದು ಬರೆದವರದು, ಅದರ ಬದಲು ಏನು ಬೇಕಾದರೂ ಇಡಬಹುದಿತ್ತು. ಇದು ತಿಳಿಯದೆ ಎರಡನ್ನೂ ಬಾಯಿಪಾಠ ಮಾಡಲು ಹೋದರೆ ತಲೆ ಕೆಡುತ್ತದೆ, ಅಲ್ವಾ?

ಇದಕ್ಕೊಂದು ಸುಲಭದ ದಾರಿ ಉಂಟು. ನಮ್ಮ ಹೆಸರುಗಳನ್ನು ಕನ್ನಡದಲ್ಲೇ ಇಡುವುದು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3ರಿಂದ ಇದಕ್ಕೆ ಅವಕಾಶ ಇದೆ. ಆಗ ಪರದೆಯಲ್ಲಿ ಇಂಗ್ಲಿಷಿನಲ್ಲಿ ಕಾಣುವುದೆಲ್ಲ ಪೈಥಾನಿನದು, ಕನ್ನಡದಲ್ಲಿ ಕಾಣುವುದೆಲ್ಲ ನಮ್ಮದು. ಕಂಪನಿ ಕೆಲಸಕ್ಕೆ ಸೇರಿದ ಮೇಲೆ ಇಂಗ್ಲಿಷ್ ಹೆಸರೇ ಇಡಬೇಕಾಗುತ್ತದೆ, ಅದು ಬೇರೆ ಮಾತು. ಅಡಿಪಾಯ ಗಟ್ಟಿಯಾಗುವ ತನಕ ಕನ್ನಡವೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಈ ಬರಹ ಪೂರ್ತಿ ಒಂದೇ ಕೆಲಸ ಹಿಡಿದು ಹೋಗುತ್ತದೆ. ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ ಮೀನು ಕೊಂಡು ಲೆಕ್ಕ ಇಡುವ ಒಂದು ಪುಟ್ಟ ಪ್ರೋಗ್ರಾಂ. ಇಲ್ಲಿರುವ ದರಗಳು ಲೆಕ್ಕಕ್ಕೆ ಸುಮ್ನೆ ಹಿಡಿದವು, ಅದನ್ನು ನಂಬಿ ಚೌಕಾಸಿಗೆ ಇಳಿಯಬೇಡಿ.

ಒಂದು ಸೂಚನೆ. ಓದಲು ಸುಲಭವಾಗಲಿ ಅಂತ ಪೈಥಾನಿನ ಪದಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಹೊಡೆಯಬೇಕು. ಪ್ರಿಂಟ್ ಅಂದರೆ ಪಿ-ಆರ್-ಐ-ಎನ್-ಟಿ. ಸ್ಪೆಲ್ಲಿಂಗ್ ಊಹಿಸಲು ಕಷ್ಟ ಇರುವಲ್ಲಿ ಹೀಗೆಯೇ ಬಿಡಿಸಿ ಹೇಳುತ್ತೇನೆ.

ಎಲ್ಲಿ ಬರೆಯುವುದು?

ಏನನ್ನೂ ಇನ್‌ಸ್ಟಾಲ್ ಮಾಡುವ ರಗಳೆ ಬೇಡ ಅಂದರೆ ಬ್ರೌಸರಿನಲ್ಲಿ ಗೂಗಲ್ ಕೊಲ್ಯಾಬ್ ತೆರೆಯಿರಿ. ಗೂಗಲ್ ಖಾತೆ ಇದ್ದರೆ ಸಾಕು. ಕನ್ನಡ ಒತ್ತಕ್ಷರಗಳು ಅದರಲ್ಲಿ ಸರಿಯಾಗಿ ಕಾಣುತ್ತವೆ, ಹಾಗಾಗಿ ನಾನು ಇದನ್ನೇ ಹೇಳುವುದು ಜಾಸ್ತಿ. ಕಂಪ್ಯೂಟರಿಗೆ ಹಾಕಿಕೊಳ್ಳುವುದಾದರೆ ಪೈಥಾನಿನ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡುವ ಮೊದಲ ಪರದೆಯ ಕೆಳಗೆ, ಪೈಥಾನನ್ನು ಪಾಥ್‌ಗೆ ಸೇರಿಸಬೇಕಾ ಅಂತ ಕೇಳುವ ಚೌಕ ಕಂಡರೆ ಅದಕ್ಕೆ ಟಿಕ್ ಹಾಕಿ. ಹಾಕದಿದ್ದರೆ ಆಮೇಲೆ ಕಮಾಂಡ್ ಪ್ರಾಂಪ್ಟಿಗೆ ಪೈಥಾನ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಜೊತೆಗೆ ಬರುವ ಐಡಲ್ ಎಂಬ ಎಡಿಟರ್ ಕಲಿಯಲು ಧಾರಾಳ ಸಾಕು. ಬರೀ ಆಂಡ್ರಾಯ್ಡ್ ಫೋನ್ ಇದ್ದವರಿಗೆ ಪೈಡ್ರಾಯ್ಡ್ 3 ಆ್ಯಪ್ ಉಂಟು.

ಕನ್ನಡ ಟೈಪಿಂಗಿನಲ್ಲಿ ಎರಡು ಕಡೆ ಜಾಗ್ರತೆ ಬೇಕು. ನುಡಿ, ಬರಹ ಬಳಸುವವರು ಯೂನಿಕೋಡ್ ಆಯ್ಕೆಯಲ್ಲೇ ಟೈಪ್ ಮಾಡಬೇಕು. ಹಳೆಯ ಆಸ್ಕಿ ಫಾಂಟಿನಲ್ಲಿ ಹೊಡೆದರೆ ಪೈಥಾನಿಗೆ ಕಾಣುವುದು ಬರೀ ಚಿತ್ರವಿಚಿತ್ರ ಚಿಹ್ನೆಗಳು. ಇನ್ನೊಂದು ಕಣ್ಣಿಗೇ ಕಾಣದ ತೊಂದರೆ. "ರಾಜ್‌ಕುಮಾರ್" ಅಂತ ಬರೆಯುವಾಗ ಜ್ ಕೆಳಗೆ ಕ ಒತ್ತು ಬೀಳದಿರಲಿ ಅಂತ ನಡುವೆ ಒಂದು ಅದೃಶ್ಯ ಅಕ್ಷರ ಸೇರುತ್ತದೆ. ಕೋಟ್ ಒಳಗಿನ ಪಠ್ಯದಲ್ಲಿ ಅದು ಇದ್ದರೆ ತೊಂದರೆ ಇಲ್ಲ. ಹೆಸರಿನೊಳಗೆ ಬಂದರೆ ಮಾತ್ರ ಪೈಥಾನ್ "ಕಾಣದ ಅಕ್ಷರ" ಅಂತ ಸಿಂಟ್ಯಾಕ್ಸ್ ಎರರ್, ಅಂದರೆ ಬರವಣಿಗೆಯ ನಿಯಮ ತಪ್ಪಿದೆ ಎಂಬ ದೂರು, ಕೊಟ್ಟು ನಿಲ್ಲುತ್ತದೆ. ಆದ್ದರಿಂದ ಹೆಸರುಗಳು ಸರಳವಾಗಿರಲಿ: ದರ, ತೂಕ, ಮೀನು, ಒಟ್ಟು. ಹೆಸರಿನ ನಡುವೆ ಖಾಲಿ ಜಾಗ ಬಿಡುವಂತಿಲ್ಲ. ಎರಡು ಪದ ಬೇಕಿದ್ದರೆ ಮೀನು_ದರ ಅಂತ ಅಡಿಗೆರೆ ಹಾಕಿ.

ಹೆಸರು, ಬೆಲೆ, ಬಗೆ

```
ದರ = 240
ತೂಕ = 1.5
ಪ್ರಿಂಟ್(ದರ * ತೂಕ)
```

ಓಡಿಸಿದರೆ 360.0 ಅಂತ ಬರುತ್ತದೆ. ದರ, ತೂಕ ಇವೆರಡು ವೇರಿಯಬಲ್‌ಗಳು, ಅಂದರೆ ನಾವು ಇಟ್ಟ ಹೆಸರುಗಳು. ಇಲ್ಲಿರುವ = ಚಿಹ್ನೆ ಶಾಲೆಯ ಗಣಿತದ ಸಮ ಚಿಹ್ನೆ ಅಲ್ಲ. ಬಲಗಡೆ ಇರುವುದನ್ನು ಮೊದಲು ಲೆಕ್ಕ ಹಾಕು, ಬಂದದ್ದಕ್ಕೆ ಎಡಗಡೆಯ ಹೆಸರಿಡು ಅಂತ ಅದರ ಅರ್ಥ. ಇದು ಮನಸ್ಸಿನಲ್ಲಿ ಕೂತರೆ `ದರ = ದರ + 10` ಅನ್ನುವ ಸಾಲು ವಿಚಿತ್ರ ಅನಿಸುವುದಿಲ್ಲ. ಹಳೆಯ ದರಕ್ಕೆ 10 ಸೇರಿಸಿ, ಅದೇ ಹೆಸರಿಗೆ ಹೊಸ ಬೆಲೆ ಕೊಟ್ಟಂತಾಯಿತು.

ಉತ್ತರ 360 ಅಂತ ಬರದೆ 360.0 ಅಂತ ಯಾಕೆ ಬಂತು? 240 ಪೂರ್ಣಸಂಖ್ಯೆ, ಪೈಥಾನಿನಲ್ಲಿ ಇದರ ಬಗೆ ಇಂಟ್ (ಐ-ಎನ್-ಟಿ). 1.5 ದಶಮಾಂಶ, ಇದರ ಬಗೆ ಫ್ಲೋಟ್. ಇವೆರಡನ್ನು ಗುಣಿಸಿದರೆ ಉತ್ತರ ಫ್ಲೋಟ್ ಆಗಿಯೇ ಬರುತ್ತದೆ. ಮೂರನೆಯ ಬಗೆ ಸ್ಟ್ರಿಂಗ್: ಎರಡು ಕೋಟ್ ನಡುವೆ ಬರೆದ ಪಠ್ಯ, "ಬಂಗುಡೆ" ಇದ್ದ ಹಾಗೆ.

ಅಂಕಿ ಕಂಡದ್ದೆಲ್ಲ ಸಂಖ್ಯೆ ಅಂತ ತಿಳಿಯಬೇಡಿ. ಮಂಗಳೂರಿನ ಎಸ್‌ಟಿಡಿ ಕೋಡ್ 0824, ಉಡುಪಿಯದು 0820. `ಕೋಡ್ = 0824` ಅಂತ ಬರೆದು ನೋಡಿ. ಸಂಖ್ಯೆಯ ಮುಂದೆ ಸೊನ್ನೆ ಇರಬಾರದು ಅಂತ ಪೈಥಾನ್ ತಕರಾರು ತೆಗೆಯುತ್ತದೆ. ಅದನ್ನು "0824" ಅಂತ ಕೋಟ್ ಒಳಗೆ ಇಡಬೇಕು. ಫೋನ್ ನಂಬರ್, ಪಿನ್‌ಕೋಡ್, ಗಾಡಿ ನಂಬರ್ ಎಲ್ಲಕ್ಕೂ ಇದೇ ಕ್ರಮ. ಕೂಡಿಸುವ, ಗುಣಿಸುವ ಕೆಲಸ ಇಲ್ಲದ ಅಂಕಿಗಳು ಸ್ಟ್ರಿಂಗ್ ಆಗಿಯೇ ಇರಲಿ.

ಕನ್ನಡಿಗರು ಮಾತ್ರ ಗಮನಿಸುವ ಒಂದು ಸಂಗತಿಯೂ ಇದೆ. ಪಠ್ಯದ ಉದ್ದ ಹೇಳುವ ಪದ ಲೆನ್ (ಎಲ್-ಇ-ಎನ್). `ಲೆನ್("ಉಡುಪಿ")` ಅಂತ ಕೇಳಿದರೆ ಉತ್ತರ 3 ಅಲ್ಲ, 5. ಉ, ಡ, ಉ-ಕಾರದ ಕೊಂಬು, ಪ, ಗುಡಿಸು ಹೀಗೆ ಒಂದೊಂದನ್ನೂ ಪೈಥಾನ್ ಬೇರೆ ಬೇರೆಯಾಗಿ ಎಣಿಸುತ್ತದೆ. "ಮಂಗಳೂರು" ಬರೆದರೆ 7. ಯೂನಿಕೋಡಿನಲ್ಲಿ ಕನ್ನಡ ಕೂತಿರುವುದೇ ಹಾಗೆ. ಮುಂದೆ ಎಂದಾದರೂ ಪದದ ಅಕ್ಷರ ಎಣಿಸುವ ಪ್ರೋಗ್ರಾಂ ಬರೆಯುವಾಗ ಇದು ನೆನಪಿರಲಿ.

ಬಳಸುವವರಿಂದ ಕೇಳಿ ಪಡೆಯುವುದು

ಇಲ್ಲಿ ಬಹಳ ಜನ ಜಾರುತ್ತಾರೆ, ಸ್ವಲ್ಪ ನಿಧಾನಕ್ಕೆ ಹೋಗೋಣ.

```
ದರ = 240
ತೂಕ = ಇನ್‌ಪುಟ್("ಎಷ್ಟು ಕಿಲೋ? ")
ಪ್ರಿಂಟ್(ದರ * ತೂಕ)
```

ಓಡಿಸಿ, 1.5 ಅಂತ ಕೊಟ್ಟು ಎಂಟರ್ ಒತ್ತಿ. 360 ಬರುವ ಬದಲು 1.51.51.51.5 ಅಂತ ಸಾಲುಗಟ್ಟಲೆ ಬಂದು ಪರದೆ ತುಂಬುತ್ತದೆ. ಎಂತ ಮಾರಾಯ್ರೆ ಇದು ಅನಿಸುತ್ತದೆ. ನಡೆದದ್ದು ಇಷ್ಟು: ಇನ್‌ಪುಟ್ ಯಾವಾಗಲೂ ಸ್ಟ್ರಿಂಗನ್ನೇ ಕೊಡುತ್ತದೆ. ನೀವು ಹೊಡೆದ 1.5 ಪೈಥಾನಿನ ಪಾಲಿಗೆ ಒಂದು ಪಠ್ಯ. ಪಠ್ಯವನ್ನು 240ರಿಂದ ಗುಣಿಸು ಅಂದರೆ ಅದನ್ನು 240 ಸಲ ಬರೆ ಅಂತ ಅದು ತಿಳಿಯುತ್ತದೆ. ಇದಕ್ಕೆ ಎರರ್ ಕೂಡ ಬರುವುದಿಲ್ಲ, ತಪ್ಪು ಉತ್ತರ ಸದ್ದಿಲ್ಲದೆ ಬರುತ್ತದೆ. ಎರರ್ ಬರುವ ತಪ್ಪಿಗಿಂತ ಇಂಥದ್ದೇ ಅಪಾಯ.

ಪರಿಹಾರ ಸಣ್ಣದು. ಬಂದ ಪಠ್ಯವನ್ನು ಫ್ಲೋಟ್‌ಗೆ ಬದಲಿಸಿಕೊಳ್ಳಿ:

```
ತೂಕ = ಫ್ಲೋಟ್(ಇನ್‌ಪುಟ್("ಎಷ್ಟು ಕಿಲೋ? "))
```

ಆವರಣಗಳನ್ನು ಒಳಗಿನಿಂದ ಹೊರಗೆ ಓದಬೇಕು. ಮೊದಲು ಇನ್‌ಪುಟ್ ಕೇಳುತ್ತದೆ, ಬಂದದ್ದನ್ನು ಫ್ಲೋಟ್ ಸಂಖ್ಯೆ ಮಾಡುತ್ತದೆ, ಆಮೇಲೆ ಅದಕ್ಕೆ ತೂಕ ಅನ್ನುವ ಹೆಸರು. ಕನ್ನಡ ಅಂಕಿಯಲ್ಲಿ ೧.೫ ಅಂತ ಕೊಟ್ಟರೂ ಫ್ಲೋಟ್ ಅದನ್ನು 1.5 ಅಂತಲೇ ಓದುತ್ತದೆ. ಖುಷಿಯ ವಿಷಯ. ಆದರೆ ಕೋಡ್ ಒಳಗೆ ನೇರವಾಗಿ `ದರ = ೨೪೦` ಅಂತ ಬರೆಯಲು ಆಗುವುದಿಲ್ಲ, ಸಿಂಟ್ಯಾಕ್ಸ್ ಎರರ್ ಬರುತ್ತದೆ. ಒಂದು ಕಡೆ ಒಪ್ಪಿ ಇನ್ನೊಂದು ಕಡೆ ಒಪ್ಪದಿರುವುದು ವಿಚಿತ್ರವೇ, ಏನು ಮಾಡುವುದು.

ಹೀಗಿದ್ದರೆ ಇದು, ಇಲ್ಲದಿದ್ದರೆ ಅದು

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಟ್ಟು ಮರಿ ಮಾಡುವ ಕಾಲ ಅಂತ ಸರ್ಕಾರ ಹಾಕಿದ ನಿಷೇಧ. ಮಳೆಗಾಲದಲ್ಲಿ ಮೀನಿನ ದರ ಏರುವುದಕ್ಕೆ ಇದೂ ಒಂದು ಕಾರಣ. ಸಾಂಪ್ರದಾಯಿಕ ನಾಡದೋಣಿಗಳಿಗೆ ವಿನಾಯಿತಿ ಇದೆ. ಈ ನಿಯಮವನ್ನು ಪೈಥಾನಿಗೆ ಹೇಳೋಣ.

```
ತಿಂಗಳು = ಇಂಟ್(ಇನ್‌ಪುಟ್("ಎಷ್ಟನೇ ತಿಂಗಳು? "))
ಇಫ್ ತಿಂಗಳು == 6 ಆರ್ ತಿಂಗಳು == 7:
    ಪ್ರಿಂಟ್("ಬೋಟ್ ದಡದಲ್ಲಿ")
ಎಲ್ಸ್:
    ಪ್ರಿಂಟ್("ಬೋಟ್ ಕಡಲಿಗೆ")
```

ಹೋಲಿಸುವುದಕ್ಕೆ ಎರಡು ಸಮ ಚಿಹ್ನೆ, ಹೆಸರಿಡುವುದಕ್ಕೆ ಒಂದು. ಇಫ್ ಸಾಲಿನ ಕೊನೆಗೆ ಎರಡು ಚುಕ್ಕಿ, ಅಂದರೆ ಕೋಲನ್, ಕಡ್ಡಾಯ. ಅದರ ಕೆಳಗಿನ ಸಾಲು ನಾಲ್ಕು ಸ್ಪೇಸ್ ಒಳಗೆ ಸರಿದಿರಬೇಕು. ಬೇರೆ ಹಲವು ಭಾಷೆಗಳಲ್ಲಿ ಬ್ರಾಕೆಟ್ ಮಾಡುವ ಕೆಲಸವನ್ನು ಪೈಥಾನಿನಲ್ಲಿ ಈ ಸರಿಸುವಿಕೆ, ಅಂದರೆ ಇಂಡೆಂಟ್, ಮಾಡುತ್ತದೆ. ಒಳಗೆ ಸರಿದ ಸಾಲುಗಳಷ್ಟೇ ಆ ಇಫ್‌ಗೆ ಸೇರಿದವು. ಒಂದು ಕಡೆ ಟ್ಯಾಬ್, ಇನ್ನೊಂದು ಕಡೆ ಸ್ಪೇಸ್ ಹಾಕಿ ಬೆರೆಸಬೇಡಿ.

ಮೂರನೆಯ ದಾರಿಯೂ ಬೇಕಿದ್ದರೆ ಇಫ್ ಮತ್ತು ಎಲ್ಸ್ ನಡುವೆ ಎಲಿಫ್ (ಇ-ಎಲ್-ಐ-ಎಫ್) ಬರುತ್ತದೆ. ಅದರಲ್ಲಿ ಹೊಸದೇನೂ ಇಲ್ಲ.

ಆರ್ ಬಳಸುವಾಗ ಮಾತ್ರ ಹುಷಾರು. ನಾವು "ತಿಂಗಳು ಆರು ಅಥವಾ ಏಳು ಆದರೆ" ಅಂತ ಮಾತಾಡುವವರು. ಹಾಗೆಯೇ `ಇಫ್ ತಿಂಗಳು == 6 ಆರ್ 7:` ಅಂತ ಬರೆದುಬಿಡುತ್ತೇವೆ. ಪೈಥಾನ್ ಇದನ್ನು "ತಿಂಗಳು ಆರಾ? ಅಥವಾ ಏಳು?" ಅಂತ ಎರಡು ತುಂಡಾಗಿ ನೋಡುತ್ತದೆ. ಸೊನ್ನೆಯಲ್ಲದ ಸಂಖ್ಯೆ ಅದಕ್ಕೆ ಯಾವಾಗಲೂ ಸತ್ಯ. ಪರಿಣಾಮ, ಜನವರಿ ತಿಂಗಳಲ್ಲೂ ಬೋಟ್ ದಡದಲ್ಲೇ.

ಈಗ ನಾಡದೋಣಿಯ ವಿನಾಯಿತಿ ಸೇರಿಸೋಣ. ಯಾವ ದೋಣಿ ಅಂತ ಮೊದಲು ಇನ್‌ಪುಟ್‌ನಿಂದ ಕೇಳಿ ದೋಣಿ ಅನ್ನುವ ಹೆಸರಿಗೆ ಕೊಡಿ, ಆಮೇಲೆ ಇಫ್ ಸಾಲನ್ನು ಹೀಗೆ ಬದಲಿಸಿ:

```
ಇಫ್ ದೋಣಿ == "ಯಾಂತ್ರಿಕ" ಆಂಡ್ (ತಿಂಗಳು == 6 ಆರ್ ತಿಂಗಳು == 7):
```

ಆ ಆವರಣವನ್ನು ತೆಗೆದು ನೋಡಿ. ಜೂನಿನಲ್ಲಿ ಎಲ್ಲ ಸರಿ ಇರುತ್ತದೆ. ಜುಲೈ ಬಂದ ಕೂಡಲೇ ನಾಡದೋಣಿಗೂ ನಿಷೇಧ ಬೀಳುತ್ತದೆ. ಆರ್‌ಗಿಂತ ಮೊದಲು ಆಂಡ್ ತನ್ನ ಎರಡೂ ಪಕ್ಕವನ್ನು ಕಟ್ಟಿಕೊಳ್ಳುತ್ತದೆ. ಹಾಗಾಗಿ "ಯಾಂತ್ರಿಕ ಮತ್ತು ಜೂನ್" ಒಂದು ಗುಂಪು, "ಜುಲೈ" ಒಂಟಿ. ಜೂನ್ ಮಾತ್ರ ಕೊಟ್ಟು ಪರೀಕ್ಷೆ ಮಾಡಿದವರಿಗೆ ಈ ತಪ್ಪು ಕಾಣುವುದೇ ಇಲ್ಲ. ಅದಕ್ಕೇ ಒಂದೇ ಉದಾಹರಣೆ ಕೊಟ್ಟು ಸರಿ ಇದೆ ಅನ್ನಬಾರದು. ಎರಡು ತಿಂಗಳು, ಎರಡು ಬಗೆಯ ದೋಣಿ, ನಾಲ್ಕೂ ಜೋಡಿ ಕೊಟ್ಟು ನೋಡಬೇಕು.

ಪಟ್ಟಿ ಮತ್ತು ಸುತ್ತು

ಒಂದಕ್ಕಿಂತ ಜಾಸ್ತಿ ಬೆಲೆಗಳನ್ನು ಒಂದೇ ಹೆಸರಿನಲ್ಲಿಡಲು ಲಿಸ್ಟ್ ಬೇಕು. ಚೌಕ ಆವರಣದೊಳಗೆ ಅಲ್ಪವಿರಾಮ ಹಾಕಿ ಬರೆದರಾಯಿತು.

```
ಮೊತ್ತಗಳು = [360, 320, 675]
ಒಟ್ಟು = 0
ಫಾರ್ ಮೊತ್ತ ಇನ್ ಮೊತ್ತಗಳು:
    ಒಟ್ಟು = ಒಟ್ಟು + ಮೊತ್ತ
ಪ್ರಿಂಟ್(ಒಟ್ಟು)
```

ಎಣಿಕೆ ಸೊನ್ನೆಯಿಂದ ಶುರು. `ಮೊತ್ತಗಳು[0]` ಅಂದರೆ 360, `ಮೊತ್ತಗಳು[2]` ಅಂದರೆ 675. `ಮೊತ್ತಗಳು[3]` ಕೇಳಿದರೆ ಇಂಡೆಕ್ಸ್ ಎರರ್. ಕೊನೆಗೆ ಹೊಸದನ್ನು ಸೇರಿಸಲು `ಮೊತ್ತಗಳು.ಅಪೆಂಡ್(200)`.

ಫಾರ್ ಸುತ್ತನ್ನು ಕಾಗದದ ಮೇಲೆ ಬರೆದು ನೋಡುವುದೇ ಒಳ್ಳೆಯದು. ಮೊದಲ ಸುತ್ತಿಗೆ ಒಟ್ಟು 360, ಎರಡನೆಯದಕ್ಕೆ 680, ಮೂರನೆಯದಕ್ಕೆ 1355. ಪ್ರಿಂಟ್ ಸಾಲು ಎಡಕ್ಕೆ ಅಂಟಿಕೊಂಡಿರುವುದರಿಂದ ಸುತ್ತು ಮುಗಿದ ಮೇಲೆ ಒಂದೇ ಸಲ ಓಡುತ್ತದೆ. ಅದನ್ನು ನಾಲ್ಕು ಸ್ಪೇಸ್ ಒಳಗೆ ಸರಿಸಿದರೆ ಮೂರು ಸಲ ಬರುತ್ತದೆ. `ಒಟ್ಟು = 0` ಸಾಲನ್ನು ಸುತ್ತಿನ ಒಳಗಿನ ಮೊದಲ ಸಾಲಾಗಿ ಹಾಕಿದರೆ ಉತ್ತರ 675, ಯಾಕಂದರೆ ಪ್ರತಿ ಸಲವೂ ಲೆಕ್ಕ ಸೊನ್ನೆಗೆ ಮರಳಿ ಕೊನೆಯ ಮೊತ್ತ ಮಾತ್ರ ಉಳಿಯುತ್ತದೆ. ಈ ಮೂರನ್ನೂ ಬೇಕೆಂದೇ ಮಾಡಿ ನೋಡಿ. ಇಂಡೆಂಟ್ ಅಂದರೇನು ಅಂತ ಇದಕ್ಕಿಂತ ಚೆನ್ನಾಗಿ ಅರ್ಥ ಮಾಡಿಸುವ ಅಭ್ಯಾಸ ನನಗೆ ಗೊತ್ತಿಲ್ಲ.

ಹೆಸರು ಹೇಳಿ ಬೆಲೆ ತೆಗೆಯುವುದು

ಬಂಗುಡೆಯ ದರ ಬೇಕಾದಾಗ ಅದು ಪಟ್ಟಿಯಲ್ಲಿ ಎಷ್ಟನೆಯದು ಅಂತ ಯಾರು ನೆನಪಿಟ್ಟುಕೊಳ್ಳುತ್ತಾರೆ? ಹೆಸರು ಹೇಳಿದರೆ ದರ ಸಿಗಬೇಕು. ಅದಕ್ಕೆ ಡಿಕ್ಷನರಿ. ಹೂವಿನ ಆವರಣದಲ್ಲಿ ಬರೆಯುವುದು:

```
ದರಪಟ್ಟಿ = {"ಬಂಗುಡೆ": 240, "ಬೂತಾಯಿ": 160, "ಅಂಜಲ್": 900}
ಪ್ರಿಂಟ್(ದರಪಟ್ಟಿ["ಬಂಗುಡೆ"])
```

ಎಡಗಡೆ ಇರುವುದಕ್ಕೆ ಕೀ ಅನ್ನುತ್ತಾರೆ, ಬಲಗಡೆಯದಕ್ಕೆ ವ್ಯಾಲ್ಯೂ. ಕೀ ಕೂದಲಿನಷ್ಟೂ ವ್ಯತ್ಯಾಸ ಇಲ್ಲದೆ ಹೊಂದಬೇಕು. ನಮ್ಮಲ್ಲಿ ಕೆಲವರು ಬೂತಾಯಿ ಅಂತ ಬರೆಯುತ್ತಾರೆ, ಕೆಲವರು ಭೂತಾಯಿ. ತಿನ್ನುವಾಗ ಎರಡೂ ಒಂದೇ, ಪೈಥಾನಿಗೆ ಎರಡೂ ಬೇರೆ ಮೀನು. ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿದರೆ ಕೀ ಎರರ್ ಬರುತ್ತದೆ. ಮೊದಲೇ `ಇಫ್ ಮೀನು ಇನ್ ದರಪಟ್ಟಿ:` ಅಂತ ನೋಡಿಕೊಂಡರೆ ಕ್ಷೇಮ. ಎರಡೂ ಸ್ಪೆಲ್ಲಿಂಗನ್ನು ಒಂದೇ ದರಕ್ಕೆ ಹಾಕಿಬಿಡುವುದೂ ತಪ್ಪೇನಲ್ಲ.

ಅಭ್ಯಾಸಕ್ಕೆ ಗಾಡಿ ನಂಬರಿನ ಡಿಕ್ಷನರಿ ಮಾಡಿ: "19" ಕೀ, "ಮಂಗಳೂರು" ವ್ಯಾಲ್ಯೂ; "20" ಉಡುಪಿ; "21" ಪುತ್ತೂರು. ಇಲ್ಲಿ ಅಂಕಿಗಳನ್ನು ಕೋಟ್ ಒಳಗೆ ಹಾಕಿದ್ದು ಯಾಕೆ ಅಂತ ಈಗ ಗೊತ್ತಿರಬೇಕು.

ಒಂದು ಕೆಲಸಕ್ಕೆ ಒಂದು ಹೆಸರು

ಮತ್ತೆ ಮತ್ತೆ ಬರುವ ಲೆಕ್ಕಕ್ಕೆ ಹೆಸರು ಕೊಟ್ಟು ಪಕ್ಕದಲ್ಲಿಟ್ಟರೆ ಅದು ಫಂಕ್ಷನ್. ಡೆಫ್ (ಡಿ-ಇ-ಎಫ್) ಎಂಬ ಪದದಿಂದ ಶುರುವಾಗುತ್ತದೆ.

```
ಡೆಫ್ ಮೀನಿನ_ಮೊತ್ತ(ಮೀನು, ತೂಕ):
    ರಿಟರ್ನ್ ರೌಂಡ್(ದರಪಟ್ಟಿ[ಮೀನು] * ತೂಕ, 2)
```

ಇಷ್ಟು ಬರೆದು ಓಡಿಸಿದರೆ ಏನೂ ಕಾಣುವುದಿಲ್ಲ. ಫಂಕ್ಷನ್ ಬರೆಯುವುದು ಬೇರೆ, ಕರೆಯುವುದು ಬೇರೆ. `ಪ್ರಿಂಟ್(ಮೀನಿನ_ಮೊತ್ತ("ಅಂಜಲ್", 0.75))` ಅಂತ ಕರೆದಾಗ 675.0 ಬರುತ್ತದೆ. ರೌಂಡ್ ಹಾಕಿದ್ದು ಪೈಸೆಗೆ ಸರಿ ಮಾಡಲು. ಫ್ಲೋಟ್ ಲೆಕ್ಕದಲ್ಲಿ ಚೂರು ಆಚೀಚೆ ಆಗುವುದುಂಟು, 0.1 + 0.2 ಕೊಟ್ಟರೆ 0.30000000000000004 ಬರುತ್ತದೆ. ಕಂಪ್ಯೂಟರ್ ದಶಮಾಂಶಗಳನ್ನು ಎರಡರ ಘಾತಗಳಲ್ಲಿ ಇಡುವುದರಿಂದ ಹೀಗೆ.

ರಿಟರ್ನ್ ಬದಲು ಫಂಕ್ಷನ್ ಒಳಗೆ ಪ್ರಿಂಟ್ ಹಾಕುವವರು ಬಹಳ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತದೆ. ಆದರೆ ಪ್ರಿಂಟ್ ಪರದೆಗೆ ತೋರಿಸಿ ಕೈ ತೊಳೆದುಕೊಳ್ಳುತ್ತದೆ, ರಿಟರ್ನ್ ಉತ್ತರವನ್ನು ಕರೆದವರ ಕೈಗೆ ಕೊಡುತ್ತದೆ. ಪ್ರಿಂಟ್ ಹಾಕಿದ ಫಂಕ್ಷನನ್ನು ಒಟ್ಟಿಗೆ ಕೂಡಿಸಲು ಹೋದರೆ "ನನ್‌ಟೈಪ್" ಅನ್ನುವ ಪದ ಇರುವ ಟೈಪ್ ಎರರ್ ಬರುತ್ತದೆ. ಆ ಪದ ಕಂಡರೆ ಮೊದಲು ರಿಟರ್ನ್ ಮರೆತಿದ್ದೀರಾ ಅಂತ ನೋಡಿ.

ಎಲ್ಲ ಸೇರಿಸಿ

ದರಪಟ್ಟಿ ಮತ್ತು ಫಂಕ್ಷನ್ ಮೇಲೆ ಇರಲಿ. ಅದರ ಕೆಳಗೆ ಇದನ್ನು ಬರೆಯಿರಿ:

```
ಒಟ್ಟು = 0
ವೈಲ್ ಟ್ರೂ:
    ಮೀನು = ಇನ್‌ಪುಟ್("ಯಾವ ಮೀನು? ")
    ಇಫ್ ಮೀನು == "ಸಾಕು":
        ಬ್ರೇಕ್
    ಇಫ್ ಮೀನು ನಾಟ್ ಇನ್ ದರಪಟ್ಟಿ:
        ಪ್ರಿಂಟ್("ಪಟ್ಟಿಯಲ್ಲಿ ಇಲ್ಲ:", ಮೀನು)
        ಕಂಟಿನ್ಯೂ
    ತೂಕ = ಫ್ಲೋಟ್(ಇನ್‌ಪುಟ್("ಎಷ್ಟು ಕಿಲೋ? "))
    ಒಟ್ಟು = ಒಟ್ಟು + ಮೀನಿನ_ಮೊತ್ತ(ಮೀನು, ತೂಕ)
ಪ್ರಿಂಟ್("ಒಟ್ಟು:", ಒಟ್ಟು)
```

ಟ್ರೂ ಒಂದು ಮಾತ್ರ ದೊಡ್ಡ ಅಕ್ಷರದಿಂದ ಶುರುವಾಗುತ್ತದೆ. ಎಷ್ಟು ಸುತ್ತು ಅಂತ ಮೊದಲೇ ಗೊತ್ತಿಲ್ಲದಾಗ ವೈಲ್ ಬಳಸುವುದು. ಬ್ರೇಕ್ ಸುತ್ತಿನಿಂದ ಹೊರಗೆ ತರುತ್ತದೆ, ಕಂಟಿನ್ಯೂ ಉಳಿದ ಸಾಲು ಬಿಟ್ಟು ಮುಂದಿನ ಸುತ್ತಿಗೆ ಕಳಿಸುತ್ತದೆ. ಬ್ರೇಕ್ ಮರೆತು ಪ್ರೋಗ್ರಾಂ ನಿಲ್ಲದಿದ್ದರೆ ಗಾಬರಿ ಬೇಡ, ಕಂಟ್ರೋಲ್ ಜೊತೆ ಸಿ ಒತ್ತಿ. ಕೊಲ್ಯಾಬ್‌ನಲ್ಲಾದರೆ ನಿಲ್ಲಿಸುವ ಗುಂಡಿ ಅಲ್ಲೇ ಎಡಗಡೆ ಇದೆ.

ಎರರ್ ಬಂದರೆ ಕೊನೆಯ ಸಾಲನ್ನು ಮೊದಲು ಓದಿ. ಏನು ತಪ್ಪು ಅಂತ ಅಲ್ಲಿರುತ್ತದೆ, ಯಾವ ಸಾಲಿನಲ್ಲಿ ಅಂತ ಅದರ ಮೇಲಿರುತ್ತದೆ. ಸಿಂಟ್ಯಾಕ್ಸ್ ಎರರ್ ತೋರಿಸಿದ ಸಾಲು ಸರಿ ಇದೆ ಅನಿಸಿದರೆ ಅದರ ಹಿಂದಿನ ಸಾಲು ನೋಡಿ, ಅಲ್ಲಿ ಆವರಣ ಮುಚ್ಚದೆ ಉಳಿದಿರಬಹುದು. ವಾಟ್ಸಾಪ್‌ನಲ್ಲೋ ವರ್ಡ್ ಫೈಲಿನಲ್ಲೋ ಬಂದ ಕೋಡನ್ನು ಕಾಪಿ ಮಾಡಿದ್ದರೆ ಬಾಗಿದ ಕೋಟ್‌ಗಳು ಬಂದಿರುತ್ತವೆ, ಅವನ್ನು ಅಳಿಸಿ ನೇರ ಕೋಟ್ ಹಾಕಿ. ನೇಮ್ ಎರರ್ ಬಂದರೆ ಹೆಸರಿನ ದೀರ್ಘ, ಒತ್ತು ಸರಿ ಇದೆಯಾ ನೋಡಿ. ದರ ಮತ್ತು ದರಾ ಬೇರೆ ಬೇರೆ ಹೆಸರು. ಪೈಥಾನ್ 3.10 ಮತ್ತು ಅದರ ನಂತರದ ಆವೃತ್ತಿಗಳು ಹತ್ತಿರದ ಹೆಸರು ಇದ್ದರೆ ಇದಾ ಅಂತ ಸೂಚಿಸುತ್ತವೆ ಕೂಡ.

ದಿನದ ಒಟ್ಟು ಮೊತ್ತ ಕಡತದಲ್ಲಿ ಉಳಿಯಬೇಕಾದರೆ ಕೊನೆಗೆ ಎರಡು ಸಾಲು:

```
ವಿತ್ ಓಪನ್("ಲೆಕ್ಕ", "ಎ", ಎನ್‌ಕೋಡಿಂಗ್="ಯುಟಿಎಫ್-8") ಆಸ್ ಕಡತ:
    ಪ್ರಿಂಟ್("ಒಟ್ಟು:", ಒಟ್ಟು, ಫೈಲ್=ಕಡತ)
```

"ಎ" ಮತ್ತು "ಯುಟಿಎಫ್-8" ಪೈಥಾನಿನ ಪದಗಳು, ಕೋಟ್ ಒಳಗಿದ್ದರೂ ಇಂಗ್ಲಿಷಿನಲ್ಲೇ ಹೊಡೆಯಬೇಕು. ಎನ್‌ಕೋಡಿಂಗ್ ಬಿಟ್ಟರೆ ವಿಂಡೋಸ್‌ನಲ್ಲಿ ಕನ್ನಡ ಬರೆಯುವಾಗ ಯೂನಿಕೋಡ್ ಎರರ್ ಬರುವ ಸಂಭವ ಜಾಸ್ತಿ. "ಎ" ಅಂದರೆ ಇದ್ದದ್ದರ ಕೊನೆಗೆ ಸೇರಿಸು. ಅದರ ಜಾಗದಲ್ಲಿ "ಡಬ್ಲ್ಯು" ಹಾಕಿದರೆ ನಿನ್ನೆಯವರೆಗಿನ ಲೆಕ್ಕ ಪೂರ್ತಿ ಅಳಿಸಿಹೋಗುತ್ತದೆ, ಕೇಳುವುದೂ ಇಲ್ಲ.